ಮೈಯಿಂದ ಕಟ್ಟುವ ನಾಟಕ: ತಾಲೀಮಿನ ಮೊದಲ ದಿನದಿಂದ ಅವಲೋಕನದ ಕೊನೆಯ ಪುಟದವರೆಗೆ

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ದಾವಣಗೆರೆ, ಹರಿಹರ, ಚಿತ್ರದುರ್ಗ, ಹಿರಿಯೂರು ಕಡೆಯ ಕಾಲೇಜು ಹುಡುಗ ಹುಡುಗಿಯರಿಂದ ನನಗೆ ಬರುವುದು ಒಂದೇ ಪ್ರಶ್ನೆ: "ಸರ್, ಗುಂಪಾಗಿ ಫಿಸಿಕಲ್ ಥಿಯೇಟರ್ ಪ್ರಯೋಗ ಮಾಡಿದ್ವಿ, ಚಲೋ ಆಯ್ತು. ಈಗ ಅವಲೋಕನ ಬರೆದು ಕೊಡ್ರಿ ಅಂತಾರೆ. ಏನು ಬರೀಬೇಕು?"

ಅವಲೋಕನ ಎಂದರೆ ತಾವು ಕಟ್ಟಿದ ಪ್ರಯೋಗವನ್ನು ಹಿಂತಿರುಗಿ ನೋಡಿ ಪ್ರತಿಯೊಬ್ಬರೂ ಬರೆದು ಒಪ್ಪಿಸುವ ಬರಹ. ಪ್ರಯೋಗ ಮುಗಿದ ಮೇಲೆ ಈ ಪ್ರಶ್ನೆ ಎದ್ದರೆ ತಡವಾಯಿತೆಂದೇ ಲೆಕ್ಕ. ಸೈಕಲ್ ಕಲಿತವರಿಗೆ ತಾವು ಮೊದಲು ಯಾಕೆ ಬೀಳುತ್ತಿದ್ದೆವೆಂದು ಹೇಳಲು ಬರುವುದಿಲ್ಲ. ಮೈ ಒಂದು ಸಲ ಕಲಿತಿತೆಂದರೆ, ಕಲಿಯುವ ಮುಂಚೆ ಹೇಗಿತ್ತೆಂಬುದನ್ನು ಅಳಿಸಿಹಾಕುತ್ತದೆ. ಹಾಗಾಗಿ ಕಟ್ಟುವುದು ಮತ್ತು ಬರೆಯುವುದು ಮೊದಲ ದಿನದಿಂದ ಜೊತೆಜೊತೆಗೇ ಸಾಗಬೇಕು. ಆ ಕ್ರಮವನ್ನು ಹಂತಹಂತವಾಗಿ ಹೇಳುತ್ತೇನೆ. ಉದಾಹರಣೆಗೆ ಎಂಟು ವಿದ್ಯಾರ್ಥಿಗಳ ಜೊತೆ ದಾವಣಗೆರೆಯ ಮಂಡಕ್ಕಿ ಭಟ್ಟಿಯ ಮೇಲೆ ಮಾಡಿದ ಒಂದು ಪ್ರಯೋಗವನ್ನು ಇಟ್ಟುಕೊಂಡಿದ್ದೇನೆ.

ಇದು ಏನು, ಏನಲ್ಲ

ನಾಟ್ಯಶಾಸ್ತ್ರ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಎಂದು ನಾಲ್ಕಾಗಿ ನೋಡುತ್ತದೆ: ಮೈ, ಮಾತು, ವೇಷಭೂಷಣ, ಒಳಗಿನ ಭಾವ. ಫಿಸಿಕಲ್ ಥಿಯೇಟರ್‌ನಲ್ಲಿ, ದೇಹ ರಂಗಭೂಮಿ ಎನ್ನೋಣ, ಕಥೆ ಹೊರುವ ಭಾರ ಮೊದಲನೆಯದರ ಮೇಲೆ ಬೀಳುತ್ತದೆ. ಮಾತು ಇರಲೇಬಾರದೆಂದೇನೂ ಇಲ್ಲ. ಯುವಜನೋತ್ಸವದ ಮೈಮ್ ನೋಡಿದವರು ಇದೂ ಅದೇ ಅಂದುಕೊಳ್ಳುತ್ತಾರೆ. ಮೈಮ್‌ನಲ್ಲಿ ನಟ ಇಲ್ಲದ ಗೋಡೆಯನ್ನು ಅಂಗೈಯಿಂದ ತಡವಿ ತೋರಿಸುತ್ತಾನೆ. ಇಲ್ಲಿ ನಾಲ್ಕು ಜನ ಸೇರಿ ತಾವೇ ಗೋಡೆಯಾಗುತ್ತಾರೆ, ಆ ಗೋಡೆ ಉಸಿರಾಡುತ್ತದೆ, ಬೇಕಾದಾಗ ಕುಸಿಯುತ್ತದೆ.

ನಮ್ಮ ಭಾಗದವರಿಗೆ ಒಂದು ತೊಡಕಿದೆ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು. ಜಾತ್ರೆಯಲ್ಲಿ ಟೆಂಟು ಹಾಕಿದ ಕಂಪನಿ ನಾಟಕ ನೋಡಿ ಬೆಳೆದ ನಮಗೆ ನಾಟಕವೆಂದರೆ ಡೈಲಾಗು ಮತ್ತು ಹಾಡು. ಮಾತು ತೆಗೆದರೆ ಕೈಕಾಲು ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ಆದರೆ ಇದೇ ನೆಲದಲ್ಲಿ ವೀರಗಾಸೆ, ಡೊಳ್ಳು, ಕೋಲಾಟವೂ ಇವೆ. ಡೊಳ್ಳು ಕಟ್ಟಿ ಅಭ್ಯಾಸವಿದ್ದವನಿಗೆ ಮಂಡಿ ಬಾಗಿಸಿ ಮೈಭಾರ ಕೆಳಗಿಳಿಸುವುದನ್ನು ಯಾರೂ ಕಲಿಸಬೇಕಿಲ್ಲ. ಅಂಥವರು ನಿಮ್ಮ ಗುಂಪಿನಲ್ಲಿದ್ದರೆ ದಿನದ ಮೊದಲ ಇಪ್ಪತ್ತು ನಿಮಿಷವನ್ನು ಅವರ ಕೈಗೆ ಕೊಡಿ.

ಏನೇನು ಬೇಕು

ಆರರಿಂದ ಹತ್ತು ಜನ. ಇಪ್ಪತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಗುಡಿಸಿ ಒರೆಸಿದ ಜಾಗ. ಮೊಣಕಾಲು ಮಡಚಲು ಬರುವ ಬಟ್ಟೆ, ಜೀನ್ಸ್ ಬೇಡ. ಕುಡಿಯುವ ನೀರು, ಹಾಸಲು ನಾಲ್ಕು ಹಳೆಯ ಜಮಖಾನ. ಹದಿನೈದು ನಿಮಿಷದ ಪ್ರಯೋಗಕ್ಕೆ ಎರಡು ಗಂಟೆಯ ಇಪ್ಪತ್ತು ತಾಲೀಮಾದರೂ ಬೇಕು ಎಂಬುದು ನನ್ನ ಅನುಭವ. ಮತ್ತು ಪ್ರತಿಯೊಬ್ಬರಿಗೂ ಒಂದೊಂದು ನೂರು ಪುಟದ ನೋಟ್‌ಬುಕ್. ಗುಂಪಿಗೆಲ್ಲ ಒಂದೇ ಪುಸ್ತಕ ಇಟ್ಟರೆ ಅಕ್ಷರ ಚೆನ್ನಾಗಿರುವ ಹುಡುಗಿಯೊಬ್ಬಳೇ ಬರೆಯುತ್ತಾಳೆ, ಉಳಿದವರು ಕೊನೆಗೆ ಅದನ್ನು ಜೆರಾಕ್ಸ್ ಮಾಡಿಸುತ್ತಾರೆ.

ಹಂತ 1: ವಿಷಯವನ್ನು ಕಿರಿದು ಮಾಡಿ

"ಪರಿಸರ", "ಸ್ತ್ರೀ ಶೋಷಣೆ", "ಮೊಬೈಲ್ ಗೀಳು" ಎಂದು ಬರೆದುಕೊಂಡು ಬಂದರೆ ನಾನು ವಾಪಸ್ ಕಳಿಸುತ್ತೇನೆ. ಇವುಗಳಿಗೆ ಮೈ ಇಲ್ಲ. ಯಾರು, ಎಲ್ಲಿ, ಯಾವ ಕೆಲಸ ಮಾಡುತ್ತಿದ್ದಾರೆ ಎಂದು ಹೇಳಲು ಬಂದಾಗ ಮಾತ್ರ ವಿಷಯ ಸಿಕ್ಕಿದೆ ಎನ್ನಿ.

ಚಿತ್ರದುರ್ಗದ ಗುಂಪುಗಳು ಹೆಚ್ಚಾಗಿ ಒನಕೆ ಓಬವ್ವನನ್ನು ಆರಿಸಿಕೊಳ್ಳುತ್ತವೆ. ಅದರಲ್ಲಿ ತಪ್ಪಿಲ್ಲ, ಆದರೆ ಮೊದಲ ದಿನವೇ ಒನಕೆ ಎತ್ತಿದ ಭಂಗಿಗೆ ಬಂದು ನಿಂತುಬಿಡುತ್ತಾರೆ. ಆಮೇಲೆ ಹುಡುಕಲು ಏನೂ ಉಳಿಯುವುದಿಲ್ಲ. ಓಬವ್ವನೇ ಬೇಕೆಂದರೆ ಕೋಟೆ ಹತ್ತಿ ಕಿಂಡಿಯ ಮುಂದೆ ನಿಲ್ಲಿ. ಆ ಸಂದಿನಲ್ಲಿ ನುಸುಳುವ ಮೈ ಮೊದಲು ಏನನ್ನು ಒಳಗೆ ಹಾಕುತ್ತದೆ, ತಲೆಯನ್ನೋ ಭುಜವನ್ನೋ? ಆ ಕ್ಷಣದಲ್ಲಿ ಕೈ ಎಲ್ಲಿ ಸಿಕ್ಕಿಕೊಂಡಿರುತ್ತದೆ? ಗಂಡ ಊಟಕ್ಕೆ ಕುಳಿತಿದ್ದಾನೆ, ಇವಳು ತಣ್ಣೀರು ದೋಣಿಗೆ ನೀರಿಗೆ ಬಂದಿದ್ದಾಳೆ. ಕೊಡ ಹಿಡಿದ ಕೈ ಒನಕೆ ಹಿಡಿಯುವ ಕೈ ಆಗುವುದು ಯಾವಾಗ? ಇವು ಮೈಯಿಂದ ಉತ್ತರ ಕೊಡಬಹುದಾದ ಪ್ರಶ್ನೆಗಳು.

ನಮ್ಮ ಎಂಟು ಜನ "ದಾವಣಗೆರೆಯ ಕಾರ್ಮಿಕರು" ಎಂದು ಶುರುಮಾಡಿದರು. ಹತ್ತಿಗಿರಣಿಯಿಂದ ಹಮಾಲರವರೆಗೆ ಎಲ್ಲವನ್ನೂ ತುರುಕಿದ್ದರು. ಮೂರು ದಿನ ಜಗ್ಗಾಡಿ ಕೊನೆಗೆ ಒಂದು ವಾಕ್ಯಕ್ಕೆ ಬಂದರು: ಕಾದ ಮರಳಿನ ಮುಂದೆ ಕುಳಿತು ಮಂಡಕ್ಕಿ ಹುರಿಯುವ ಒಬ್ಬ ಹೆಂಗಸಿನ ಒಂದು ಬೆಳಗು.

ನೋಟ್‌ಬುಕ್‌ಗೆ: ಬಿಟ್ಟ ವಿಷಯಗಳನ್ನೂ ಬಿಟ್ಟ ಕಾರಣವನ್ನೂ ಅವತ್ತೇ ಬರೆಯಿರಿ. ಎರಡು ಸಾಲು ಸಾಕು.

ಹಂತ 2: ಹೋಗಿ ನೋಡಿ, ಮೈಯನ್ನು ನೋಡಿ

ಅನುಮತಿ ಕೇಳಿ ಹೋಗಿ. ಮೊದಲ ಸಲ ಹೋದಾಗ ಮೊಬೈಲ್ ಜೇಬಿನಲ್ಲೇ ಇರಲಿ. ಕ್ಯಾಮೆರಾ ಕಂಡರೆ ಕೆಲಸ ಮಾಡುವವರ ಬೆನ್ನು ನೆಟ್ಟಗಾಗಿಬಿಡುತ್ತದೆ. ಎಲ್ಲರೂ ಒಟ್ಟಿಗೆ ನುಗ್ಗಬೇಡಿ, ಇಬ್ಬಿಬ್ಬರಾಗಿ ಹೋಗಿ. ಭಟ್ಟಿಯಲ್ಲಿ ಬೆಂಕಿ ಇರುತ್ತದೆ, ದಾರಿಗೆ ಅಡ್ಡ ನಿಲ್ಲಬಾರದು.

ಏನು ಬರೆದುಕೊಳ್ಳಬೇಕು? "ತುಂಬಾ ಕಷ್ಟದ ಕೆಲಸ, ನೋಡಿ ಕಣ್ಣೀರು ಬಂತು" ಎಂದು ಒಬ್ಬ ಬರೆದಿದ್ದ. ಅದು ಅವನ ಸ್ಥಿತಿ, ಅವರ ಮೈಯಲ್ಲ. ಇನ್ನೊಬ್ಬಳು ಹೀಗೆ ಬರೆದಿದ್ದಳು: "ಬಲಗೈ ಸುತ್ತುತ್ತಿರುತ್ತದೆ, ಎಡಗೈ ಜರಡಿ ಎಳೆಯಲು ತಯಾರಾಗಿರುತ್ತದೆ. ಬೆವರು ಬಂದರೆ ಅಂಗೈಯಿಂದ ಒರೆಸುವುದಿಲ್ಲ, ತಲೆ ಬಗ್ಗಿಸಿ ಹಣೆಯನ್ನು ತೋಳಿಗೆ ಉಜ್ಜುತ್ತಾರೆ. ಕೈ ನಿಲ್ಲುವುದೇ ಇಲ್ಲ." ನಮ್ಮ ಪ್ರಯೋಗದ ಅರ್ಧ ಭಾಗ ಈ ನಾಲ್ಕು ಸಾಲಿನಿಂದ ಹುಟ್ಟಿತು. ಯಾವ ಕೀಲು ಬಾಗುತ್ತದೆ, ಲಯ ಎಷ್ಟಕ್ಕೊಮ್ಮೆ ಮುರಿಯುತ್ತದೆ, ಉಸಿರು ಯಾವಾಗ ಬಿಡುತ್ತಾರೆ, ಬಿಡುವಾದಾಗ ಮೈ ಎಲ್ಲಿ ಒರಗುತ್ತದೆ: ಇಷ್ಟನ್ನು ನೋಡಿಕೊಂಡು ಬಂದರೆ ಸಾಕು.

ಹಂತ 3: ಮೈ ಸಜ್ಜು, ಪರಸ್ಪರ ನಂಬಿಕೆ

ಮೊದಲ ಐದಾರು ತಾಲೀಮಿನಲ್ಲಿ ದೃಶ್ಯ ಕಟ್ಟಲು ಹೋಗಬೇಡಿ. ಬರಿಗಾಲಲ್ಲಿ ಜಾಗದ ತುಂಬ ನಡೆಯಿರಿ, ಎಲ್ಲರೂ ಒಟ್ಟಿಗೆ ನಿಲ್ಲಿ, ಯಾರೂ ಸನ್ನೆ ಮಾಡದೆ ಒಟ್ಟಿಗೆ ಮತ್ತೆ ಹೊರಡಿ. ಇದು ಬರಲು ಮೂರು ದಿನವಾದರೂ ಬೇಕು. ಬಂದ ದಿನ ಗುಂಪು ಮೇಳವಾಗುತ್ತದೆ. ರಂಗಭೂಮಿಯವರು ಎನ್ಸೆಂಬಲ್ ಎನ್ನುವುದು ಇದನ್ನೇ: ಒಬ್ಬರನ್ನೊಬ್ಬರು ನೋಡದೆಯೂ ಕೇಳಿಸಿಕೊಳ್ಳುವ ಗುಂಪು.

1956ರಲ್ಲಿ ಪ್ಯಾರಿಸ್‌ನಲ್ಲಿ ರಂಗಶಾಲೆ ತೆರೆದ ಜಾಕ್ ಲಕಾಕ್ ಹೆಸರಿನಲ್ಲಿ ಬಳಕೆಯಲ್ಲಿರುವ ಬಿಗಿತದ ಏಳು ಮೆಟ್ಟಿಲು ತುಂಬಾ ಉಪಯೋಗಕ್ಕೆ ಬರುತ್ತದೆ. ಸುಸ್ತಾಗಿ ಕುಸಿದ ಮೈ, ಹಾಯಾದ ಮೈ, ಬೇಕಾದಷ್ಟೇ ಬಲ ಹಾಕುವ ಮೈ, ಎಚ್ಚರದ ಮೈ, ಏನೋ ಆಗಲಿದೆ ಎಂದು ಉಸಿರು ಹಿಡಿದ ಮೈ, ಆವೇಶದ ಮೈ, ಕಲ್ಲಿನಂತೆ ಬಿಗಿದು ಅಲುಗಲಾರದ ಮೈ. ಕುರ್ಚಿಯಿಂದ ಎದ್ದು ಬಾಗಿಲವರೆಗೆ ನಡೆಯುವ ಒಂದೇ ಕ್ರಿಯೆಯನ್ನು ಏಳೂ ಮೆಟ್ಟಿಲಲ್ಲಿ ಮಾಡಿ ನೋಡಿ. ನಮ್ಮ ಹುಡುಗರು ಸೀದಾ ಆರನೆಯದಕ್ಕೆ ಜಿಗಿಯುತ್ತಾರೆ. ಮೂರರಲ್ಲಿ ನಿಲ್ಲುವುದೇ ಕಷ್ಟ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಒತ್ತಿ ಹೇಳುತ್ತೇನೆ. ಮೊದಲನೆಯದು ಎತ್ತುವುದರ ಬಗ್ಗೆ. ಹಿಂದೊಮ್ಮೆ ನನ್ನ ಗುಂಪಿನಲ್ಲಿ ಸಾಕಷ್ಟು ಅಭ್ಯಾಸವಿಲ್ಲದೆ ಒಬ್ಬಳನ್ನು ಹೆಗಲಿಗೇರಿಸಲು ನಾನು ಒಪ್ಪಿದೆ. ಸಿಮೆಂಟ್ ನೆಲ, ಬೆವರಿದ ಕೈ. ಅವಳು ಜಾರಿ ಮಣಿಕಟ್ಟು ಉಳುಕಿ ಮೂರು ವಾರ ಪಟ್ಟಿ ಕಟ್ಟಿಕೊಂಡು ಓಡಾಡಿದಳು. ತಪ್ಪು ನನ್ನದು. ಅಂದಿನಿಂದ ನಿಯಮ ಇಷ್ಟು: ಇಳಿಸುವುದನ್ನು ಕಲಿಯುವ ತನಕ ಎತ್ತುವುದಿಲ್ಲ, ಸೊಂಟಕ್ಕಿಂತ ಮೇಲೆ ಯಾರನ್ನು ಎತ್ತಿದರೂ ಪಕ್ಕದಲ್ಲಿ ಹಿಡಿಯಲು ಇಬ್ಬರು, ಕೆಳಗೆ ಜಮಖಾನದ ಮಡಿಕೆ.

ಎರಡನೆಯದು ಮುಟ್ಟುವುದರ ಬಗ್ಗೆ. ಹುಡುಗ ಹುಡುಗಿಯರು ಒಟ್ಟಿಗೆ ಇದ್ದ ಗುಂಪಿನಲ್ಲಿ ಇದನ್ನು ಮಾತಾಡದೆ ಬಿಟ್ಟರೆ ಕೆಲಸ ಹಾಳಾಗುತ್ತದೆ, ಮನಸ್ಸೂ ಕೆಡುತ್ತದೆ. ಮೊದಲ ವಾರವೇ ಪ್ರತಿಯೊಬ್ಬರೂ ತಮ್ಮನ್ನು ಎಲ್ಲಿ ಮುಟ್ಟಬಹುದು, ಎಲ್ಲಿ ಬೇಡ ಎಂದು ತೋರಿಸಲಿ. ಮೊಣಕೈ, ಮುಂಗೈ, ಬೆನ್ನಿನ ಮೇಲ್ಭಾಗ ಇಷ್ಟರಲ್ಲೇ ಬಹಳಷ್ಟು ಮಾಡಬಹುದು. "ಇವತ್ತು ಬೇಡ" ಎಂದರೆ ಕಾರಣ ಕೇಳಬಾರದು. ಮನೆಯವರಿಗೂ ತಾಲೀಮು ಹೇಗಿರುತ್ತದೆಂದು ಮೊದಲೇ ತಿಳಿಸಿ. ಒಂದು ದಿನ ಕರೆದು ಕೂರಿಸಿದರೆ ಇನ್ನೂ ಒಳ್ಳೆಯದು.

ಹಂತ 4: ಸಾಮಗ್ರಿ ಹುಟ್ಟಿಸುವುದು

ಡಿವೈಸಿಂಗ್ ಎಂಬ ಮಾತು ಸಿಲಬಸ್‌ನಲ್ಲಿ ಬರುತ್ತದೆ. ಬರೆದ ನಾಟಕವಿಲ್ಲದೆ ಗುಂಪೇ ತಾಲೀಮಿನಲ್ಲಿ ಆಡಿ, ಆರಿಸಿ, ಪ್ರಯೋಗ ಕಟ್ಟುವುದು ಎಂದರ್ಥ. ಇದರಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಕುಳಿತು ಚರ್ಚಿಸುತ್ತಾರೆ. ಒಂದೂವರೆ ಗಂಟೆ ಚರ್ಚೆ, ಹತ್ತು ನಿಮಿಷ ಆಟ. ಹತ್ತು ನಿಮಿಷಕ್ಕಿಂತ ಹೆಚ್ಚು ಕುಳಿತರೆ ಯಾರಾದರೂ ಎದ್ದು ಚಪ್ಪಾಳೆ ತಟ್ಟಬೇಕು, ಎಲ್ಲರೂ ಏಳಬೇಕು.

"ಮಂಡಕ್ಕಿ ಭಟ್ಟಿ ಮಾಡಿ" ಎಂದು ಹೇಳಬೇಡಿ. ಕಟ್ಟು ಹಾಕಿ ಕೆಲಸ ಕೊಡಿ: ಮೂರೇ ಭಂಗಿ, ಎಂಟು ಎಣಿಕೆ, ಮೊಣಕೈ ಮಾತ್ರ ಚಲಿಸಬಹುದು. ಚಲನೆಯನ್ನು ವಿಶ್ಲೇಷಿಸಿದ ರುಡಾಲ್ಫ್ ಲಾಬಾನ್ ಹೇಳುವ ಎಂಟು ಬಗೆಯ ಯತ್ನ ಇಲ್ಲಿ ಕೈಗೆ ಬರುತ್ತದೆ. ಕನ್ನಡದಲ್ಲಿ ನಾನು ಹೀಗೆ ಹೇಳಿಕೊಡುತ್ತೇನೆ: ಒತ್ತು, ಗುದ್ದು, ಹಿಂಡು, ಬೀಸು, ತೇಲು, ಜಾರು, ತಟ್ಟು, ಕೊಡವು. ಜರಡಿ ಹಿಡಿಯುವ ಚಲನೆಯನ್ನು "ಕೊಡವು" ಎಂದು ಮಾಡಿದರೆ ಅದು ಜರಡಿ. ಅದನ್ನೇ "ಹಿಂಡು" ಎಂದು ನಿಧಾನವಾಗಿ ಮಾಡಿದಾಗ ಒಬ್ಬ ಹುಡುಗನ ಜರಡಿ ಇದ್ದಕ್ಕಿದ್ದಂತೆ ನೋಯುವ ಭುಜವಾಯಿತು. ಯಾರೂ ಯೋಜಿಸಿರಲಿಲ್ಲ.

ಅಕ್ಕಿ ಅರಳುವ ದೃಶ್ಯದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲ ಸಲ ಎಂಟೂ ಜನ ಕುಕ್ಕರುಗಾಲಲ್ಲಿ ಕುಳಿತು ಒಟ್ಟಿಗೆ ಜಿಗಿದರು. ನೋಡಲು ಪಟಾಕಿ ಸರದಂತಿತ್ತು. ಒಬ್ಬೊಬ್ಬರಾಗಿ ಜಿಗಿದರು, ಆಗ ಮಕ್ಕಳ ಆಟದಂತಾಯಿತು. ಎಷ್ಟು ಎತ್ತರ ಜಿಗಿದರೂ ಸಪ್ಪೆ. ನಾಲ್ಕನೇ ದಿನ ಒಬ್ಬಳು ನೆನಪಿಸಿದಳು: "ಅಕ್ಕಿ ಜಿಗಿಯೋದಕ್ಕಿಂತ ಮುಂಚೆ ಮರಳು ಸುಮ್ಮನೆ ಇರ್ತದಲ್ಲ ಸರ್." ಸರಿ, ಏಳು ಜನ ಹಣೆ ನೆಲಕ್ಕಿಟ್ಟು ಮರಳಾದರು. ಬೆನ್ನು ಮಾತ್ರ ಉಸಿರಿಗೆ ಏಳುತ್ತ ಇಳಿಯುತ್ತ ಇತ್ತು. ಉಸಿರು ಸಣ್ಣಗೆ ವೇಗ ಪಡೆಯಿತು. ಹನ್ನೆರಡು ಉಸಿರಿನ ನಂತರ ಎಂಟನೆಯವಳ ಒಂದು ಹೆಬ್ಬೆರಳು ಅಲುಗಿತು, ಆಮೇಲೆ ಮಣಿಕಟ್ಟು, ಆಮೇಲೆ ಅವಳು ಎದ್ದು ನಿಂತಳು. ಜಿಗಿಯಲೇ ಇಲ್ಲ. ಅರಳುವುದು ಎಂದರೆ ಏನೆಂದು ಅವತ್ತು ಎಲ್ಲರ ಮೈಗೂ ತಿಳಿಯಿತು. ಕೆಲಸ ಬಿಟ್ಟು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕಾಲೇಜಿನ ಕಸ ಗುಡಿಸುವ ಅಮ್ಮ ಸಣ್ಣಗೆ "ಅಕ್ಕಿ" ಎಂದರು.

ನೋಟ್‌ಬುಕ್‌ಗೆ: ತಾಲೀಮು ಮುಗಿದ ಕೂಡಲೇ, ಬಸ್ಸು ಹಿಡಿಯುವ ಮುಂಚೆ, ಹತ್ತು ನಿಮಿಷ. ಇವತ್ತು ಏನು ಮಾಡಿದೆವು, ಏನು ಬದಲಾಯಿತು, ಯಾಕೆ, ನನ್ನ ಮೈಯಲ್ಲಿ ಎಲ್ಲಿ ಅದು ತಿಳಿಯಿತು. ಈ ನಾಲ್ಕು ಪ್ರಶ್ನೆಗೆ ಒಂದೊಂದು ಸಾಲು. ಸೋತ ಜಿಗಿತಗಳನ್ನು ಕಡ್ಡಾಯವಾಗಿ ಬರೆಯಿರಿ; ಅವಿಲ್ಲದಿದ್ದರೆ ಎದ್ದು ನಿಂತದ್ದರ ಬೆಲೆ ಓದುವವರಿಗೆ ಗೊತ್ತಾಗುವುದಿಲ್ಲ.

ಹಂತ 5: ಹೊಲಿಗೆ

ಹುಟ್ಟಿದ ತುಣುಕುಗಳಿಗೆಲ್ಲ ಹೆಸರಿಟ್ಟು ಒಂದೊಂದು ಹಾಳೆಯಲ್ಲಿ ಬರೆದು ನೆಲದ ಮೇಲೆ ಹರಡಿ. ಜಾಗ ಬದಲಿಸುತ್ತ ನೋಡಿ. ನಮಗೆ ಇಪ್ಪತ್ತೊಂದು ತುಣುಕು ಸಿಕ್ಕವು, ಉಳಿದದ್ದು ಒಂಬತ್ತು. ಬಿಟ್ಟಿದ್ದರಲ್ಲಿ ಎರಡು ಬಹಳ ಚಂದ ಇದ್ದವು. ಚಂದ ಇದ್ದರೂ ಆ ಹೆಂಗಸಿನ ಬೆಳಗಿಗೆ ಸೇರದಿದ್ದರೆ ಬಿಡಬೇಕು. ಜಗಳವಾಗುವುದು ಇಲ್ಲೇ, ಆಗಲಿ.

ಒಂದು ತುಣುಕಿನಿಂದ ಇನ್ನೊಂದಕ್ಕೆ ಹೋಗಲು ದೀಪ ಆರಿಸಬೇಡಿ. ಜರಡಿ ಹಿಡಿದ ಕೈಯೇ ತೊಟ್ಟಿಲು ತೂಗುವ ಕೈ ಆಗಬಹುದು. ಚಲನೆ ಒಂದೇ, ಕಣ್ಣು ಮಾತ್ರ ಬೇರೆ ಕಡೆ ನೋಡುತ್ತದೆ.

ಸಿನಿಮಾದ ಹಿನ್ನೆಲೆ ಸಂಗೀತ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಬೇಡ. ಪಿಟೀಲು ಅಳಲು ಶುರುಮಾಡಿದರೆ ಮೈ ಕೆಲಸ ನಿಲ್ಲಿಸುತ್ತದೆ. ಉಸಿರು, ಅಂಗಾಲು, ಜರಡಿಯ ಸದ್ದು, ಎದೆ ತಟ್ಟುವ ಲಯ ಇವೇ ಹದಿನೈದು ನಿಮಿಷಕ್ಕೆ ಧಾರಾಳ ಸಾಕು. ಮಾತು ಬೇಕೆನಿಸಿದರೆ ಒಂದೇ ಸಲ, ಒಂದೇ ಸಾಲು. ನಮ್ಮಲ್ಲಿ ಚೀಲ ಎಣಿಸುವ ದನಿ ಮಾತ್ರ ಇತ್ತು. ವೀರಗಾಸೆ ಗೊತ್ತಿದ್ದ ಹುಡುಗನೊಬ್ಬ ಬೆಂಕಿಯ ದೃಶ್ಯದಲ್ಲಿ ಅದನ್ನು ಕುಣಿಯುತ್ತೇನೆ ಎಂದ. ಕುಣಿತವನ್ನು ಹಾಗೇ ತಂದು ಅಂಟಿಸದೆ, ಅದರ ನೆಲ ತುಳಿಯುವ ಬಲವನ್ನಷ್ಟೇ ತೆಗೆದುಕೊಂಡೆವು. ಜನಪದ ಕಲೆಯನ್ನು ಬಳಸುವಾಗ ಈ ಎಚ್ಚರ ಬೇಕು, ಅದರ ಹಿಂದೆ ಹರಕೆ ಇದೆ, ಮನೆತನಗಳಿವೆ.

ಹಂತ 6: ಅರೆಬೆಂದದ್ದನ್ನು ತೋರಿಸಿ

ಪ್ರಯೋಗಕ್ಕೆ ಹತ್ತು ದಿನ ಇರುವಾಗ ನಾಟಕದ ಗಂಧ ಇಲ್ಲದ ಮೂರ್ನಾಲ್ಕು ಜನರನ್ನು ಕರೆದು ತೋರಿಸಿ. "ಹೆಂಗಿತ್ತು?" ಎಂದು ಕೇಳಿದರೆ "ಸೂಪರ್" ಎನ್ನುತ್ತಾರೆ. ಹೀಗೆ ಕೇಳಿ: ಏನು ಕಂಡಿತು? ಎಲ್ಲಿ ಬೇಜಾರಾಗಿ ಆಚೆ ನೋಡಿದಿರಿ? ಯಾವುದು ಇನ್ನೂ ಕಣ್ಣ ಮುಂದಿದೆ? ಅವರು ಹೇಳುವಾಗ ನೀವು ವಿವರಣೆ ಕೊಡಬೇಡಿ, ಬರೆದುಕೊಳ್ಳಿ.

ಸಾಧ್ಯವಾದರೆ ಈ ಹೊತ್ತಿಗೆ ಬೇರೆಯವರ ಕೆಲಸವನ್ನೂ ನೋಡಿ ಬನ್ನಿ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಸಾಮಾನ್ಯವಾಗಿ ನವೆಂಬರಿನಲ್ಲಿ ನಾಟಕೋತ್ಸವ ನಡೆಯುತ್ತದೆ. ಅಲ್ಲಿಂದಲೇ 1997ರಲ್ಲಿ ಶುರುವಾದ ಶಿವಸಂಚಾರ ತಂಡ ಊರೂರಿಗೆ ನಾಟಕ ಒಯ್ಯುತ್ತದೆ. ಮಾತಿನ ನಾಟಕವೇ ಆಗಲಿ, ನಟರ ಪಾದಗಳನ್ನಷ್ಟೇ ನೋಡುತ್ತ ಕುಳಿತುಕೊಳ್ಳಿ, ಎಷ್ಟೋ ತಿಳಿಯುತ್ತದೆ.

ಹಂತ 7: ಪ್ರಯೋಗದ ದಿನ

ಸಭಾಂಗಣವನ್ನು ಹಿಂದಿನ ದಿನವೇ ನೋಡಿ. ವೇದಿಕೆಗೆ ಹಾಸಿದ ಕಾರ್ಪೆಟ್ ಜಾರುತ್ತದೆ, ಅಂಗಾಲಿನ ಸದ್ದನ್ನೂ ನುಂಗುತ್ತದೆ, ತೆಗೆಸಿ. ಹಿಂದಿನ ಬ್ಯಾನರ್, ಅತಿಥಿಗಳ ಕುರ್ಚಿ ಸರಿಸಲು ಮುಂಚೆಯೇ ಹೇಳಿಡಿ. ಸಮತಟ್ಟಾದ ಸಭಾಂಗಣದಲ್ಲಿ ನೆಲದ ಮೇಲಿನ ದೃಶ್ಯ ಮೂರನೇ ಸಾಲಿನ ಹಿಂದೆ ಯಾರಿಗೂ ಕಾಣುವುದಿಲ್ಲ. ನಮ್ಮ ಮರಳು ಕಾಣಬೇಕೆಂದು ನಾವು ವೇದಿಕೆ ಬಿಟ್ಟು ಅಂಗಳಕ್ಕೆ ಬಂದೆವು, ಜನರನ್ನು ಮೆಟ್ಟಿಲ ಮೇಲೆ ಕೂರಿಸಿದೆವು. ಕರೆಂಟ್ ಹೋದರೂ ನಡೆಯುವಂತೆ ಹಗಲಲ್ಲೇ ಇಟ್ಟುಕೊಂಡೆವು.

ಹಂತ 8: ಅವಲೋಕನ ಬರೆಯುವುದು

ನೋಟ್‌ಬುಕ್ ತುಂಬಿದ್ದರೆ ಇದು ಆರಿಸುವ ಕೆಲಸ. ಇಡೀ ಪಯಣವನ್ನು ದಿನಾಂಕವಾರು ಹೇಳಬೇಡಿ. ಮೂರು ಅಥವಾ ನಾಲ್ಕು ತಿರುವುಗಳನ್ನು ಆರಿಸಿ, ಪ್ರತಿಯೊಂದಕ್ಕೂ ಒಂದು ಪುಟ ಕೊಡಿ.

ನನ್ನ ಕೈಗೆ ಬರುವ ಬರಹಗಳಲ್ಲಿ ಹೆಚ್ಚಿನವು ಹೀಗಿರುತ್ತವೆ: "ನಮ್ಮ ಪ್ರಯೋಗವು ಅತ್ಯಂತ ಯಶಸ್ವಿಯಾಗಿ ಮೂಡಿಬಂದಿತು. ಎಲ್ಲ ಕಲಾವಿದರೂ ಮನೋಜ್ಞವಾಗಿ ಅಭಿನಯಿಸಿ ಪ್ರೇಕ್ಷಕರ ಮೆಚ್ಚುಗೆಗೆ ಪಾತ್ರರಾದರು." ಇದು ಪತ್ರಿಕಾ ವರದಿ. ಯಾವ ನಾಟಕಕ್ಕಾದರೂ ಇದನ್ನು ಅಂಟಿಸಬಹುದು.

ಹೀಗೆ ಬರೆದು ನೋಡಿ: "ಹಣೆಯನ್ನು ತೋಳಿಗೆ ಒರೆಸುವ ಚಲನೆಯನ್ನು ಮೊದಲು ನಾನು ದೊಡ್ಡದಾಗಿ ಮಾಡುತ್ತಿದ್ದೆ, ಹಿಂದಿನ ಸಾಲಿಗೆ ಕಾಣಲಿ ಎಂದು. ಹನ್ನೊಂದನೇ ತಾಲೀಮಿನಲ್ಲಿ ನೋಡಲು ಬಂದವರು 'ಅವಳು ಅಳ್ತಿದ್ದಾಳೆ' ಎಂದರು. ಬಿಗಿತವನ್ನು ಆರನೇ ಮೆಟ್ಟಿಲಿನಿಂದ ಮೂರಕ್ಕೆ ಇಳಿಸಿದೆ, ಬಲಗೈ ಸುತ್ತುವುದನ್ನು ನಿಲ್ಲಿಸದೆ ಮಾಡಿದೆ. ಆಮೇಲೆ ಯಾರೂ ಅಳು ಎನ್ನಲಿಲ್ಲ, 'ಬಿಸಿ' ಎಂದರು. ನಿಲ್ಲದ ಕೈಯಿಂದಲೇ ಬೆವರಿಗೆ ಅರ್ಥ ಬರುತ್ತದೆ ಎಂದು ನನಗೆ ಹೊಳೆದದ್ದು ಆಗ."

ಇದರಲ್ಲಿ ಏನಿತ್ತು, ಏನು ಬದಲಾಯಿತು, ಯಾಕೆ, ನೋಡುವವರಿಗೆ ಏನಾಯಿತು ನಾಲ್ಕೂ ಇವೆ. ಲಕಾಕ್ ವಿಚಾರ ಕೂಡ ಬಂದಿದೆ, ಆದರೆ ಅವರ ಜೀವನಚರಿತ್ರೆ ಬಂದಿಲ್ಲ. ಸಿದ್ಧಾಂತ ಬರೆಯಬೇಕಾದದ್ದು ಹೀಗೆ, ಅದು ಕೆಲಸಕ್ಕೆ ಬಂದ ಜಾಗದಲ್ಲಿ. ಮೊದಲ ಎರಡು ಪುಟ ಅಂತರ್ಜಾಲದಿಂದ ಇಳಿಸಿದ ವ್ಯಾಖ್ಯೆ ತುಂಬಿದರೆ ಓದುವವರಿಗೆ ನೀವು ಸಿಗುವುದೇ ಇಲ್ಲ.

ಇನ್ನು ಕೆಲವು ತಪ್ಪುಗಳು. ಎಲ್ಲ ಕಡೆ "ನಾವು" ಎಂದು ಬರೆದು ತನ್ನ ಪಾಲು ಯಾವುದೆಂದು ಹೇಳದಿರುವುದು. ಗುಂಪಿನ ನಿರ್ಧಾರಕ್ಕೆ "ನಾವು", ನಿಮ್ಮ ಮೈ ಮಾಡಿದ್ದಕ್ಕೆ "ನಾನು" ಬಳಸಿ. ಜಗಳವನ್ನು ಮುಚ್ಚಿಡುವುದು ಅಥವಾ ಒಬ್ಬರ ಮೇಲೆ ಹಾಕುವುದು. "ಅವನು ತಡವಾಗಿ ಬರುತ್ತಿದ್ದ" ಎನ್ನುವ ಬದಲು "ಏಳು ಜನರೇ ಇದ್ದ ದಿನಗಳಲ್ಲಿ ಮರಳಿನ ದೃಶ್ಯ ಬದಲಾಗುತ್ತಿತ್ತು, ಅದಕ್ಕೆ ಹೀಗೆ ಹೊಂದಿಸಿಕೊಂಡೆವು" ಎನ್ನಿ. ಫೋಟೋ ಅಂಟಿಸಿ ಕೆಳಗೆ "ತಾಲೀಮಿನ ದೃಶ್ಯ" ಎಂದಷ್ಟೇ ಬರೆಯುವುದು. ಆ ಚಿತ್ರದಲ್ಲಿ ಯಾರ ಭಾರ ಎಲ್ಲಿದೆ, ಮುಂದಿನ ಕ್ಷಣ ಏನಾಯಿತು ಎಂದು ಬರೆಯಿರಿ. ಮತ್ತು ಕೊನೆಯಲ್ಲಿ ಪ್ರಾಂಶುಪಾಲರಿಂದ ಹಿಡಿದು ಎಲ್ಲರಿಗೂ ಧನ್ಯವಾದ ಹೇಳುವ ಪುಟ. ಅದನ್ನು ಬಾಯಲ್ಲಿ ಹೇಳಿ.

ಸರಿಹೋಗದೆ ಉಳಿದದ್ದನ್ನೂ ಬರೆಯಿರಿ. ನಮ್ಮಲ್ಲಿ ತೊಟ್ಟಿಲಿನ ದೃಶ್ಯ ಕೊನೆಗೂ ಕೂಡಿಬರಲಿಲ್ಲ, ಮಗು ಎಲ್ಲಿದೆಯೆಂದು ಅರ್ಧ ಜನಕ್ಕೆ ತಿಳಿಯಲಿಲ್ಲ. ಒಬ್ಬಳು ಅದರ ಬಗ್ಗೆಯೇ ಒಂದೂವರೆ ಪುಟ ಬರೆದು, ಮತ್ತೆ ಮಾಡುವುದಾದರೆ ಏನು ಮಾಡುತ್ತೇನೆಂದು ಮೂರು ಪುಟ್ಟ ಚಿತ್ರ ಬಿಡಿಸಿದ್ದಳು. ಆ ಬ್ಯಾಚಿನಲ್ಲಿ ನಾನು ಓದಿದ ಅತ್ಯುತ್ತಮ ಅವಲೋಕನ ಅದು.

ಒಪ್ಪಿಸುವ ಮುಂಚೆ

ನೀವು ಯಾರ ಕೆಲಸವನ್ನು ನೋಡಿ ಕಲಿತಿರೋ ಅವರಿಗೆ ಪ್ರಯೋಗವನ್ನು ತೋರಿಸಿ. ಕಾಲೇಜಿಗೆ ಕರೆದರೆ ಅವರಿಗೆ ಅರ್ಧ ದಿನದ ಕೂಲಿ ಹೋಗುತ್ತದೆ, ಹಾಗಾಗಿ ಕೆಲಸ ಮುಗಿಯುವ ಹೊತ್ತಿಗೆ ನೀವೇ ಹೋಗಿ. ನಾವು ಭಟ್ಟಿಯ ಹೊರಗಿನ ಬಯಲಲ್ಲಿ ಮಾಡಿದೆವು. ಮುಗಿದ ಮೇಲೆ ಒಬ್ಬ ಅಜ್ಜಿ ಎದ್ದು ಬಂದು, ಹುರಿಯುವ ಪಾತ್ರ ಮಾಡಿದ ಹುಡುಗಿಯ ಬಲಗೈ ಹಿಡಿದು, ಮೊಣಕೈಯನ್ನು ಎರಡು ಬೆರಳಷ್ಟು ಒಳಕ್ಕೆ ಸರಿಸಿದರು. "ಹಿಂಗಿಟ್ಕೊ ಮಗಾ, ಹಂಗಾದ್ರೆ ಸಂಜೆ ತನಕ ತಡೀತದೆ" ಎಂದರು. ಅವತ್ತು ರಾತ್ರಿ ಎಂಟೂ ಜನ ತಮ್ಮ ಬರಹದ ಕೊನೆಯ ಪುಟವನ್ನು ಹರಿದು ಮತ್ತೆ ಬರೆದರು. ನಿಮ್ಮದಕ್ಕೂ ಒಂದು ಖಾಲಿ ಪುಟ ಬಿಟ್ಟುಕೊಂಡು ಹೋಗಿ.